ಹೆಬ್ಬೆರಳಿಗೊಂದು ಪ್ಲೇಟು

ನಮ್ಮ ಅತ್ತೆಯ ಎಡಗಾಲಿನ ಕಾಲುಂಗುರ ಹೊಸದರಂತೆ ದಪ್ಪಗಿತ್ತು. ಬಲಗಾಲಿನದು ಮಾತ್ರ ಅಡಿಯಲ್ಲಿ ತೇದು ತೇದು ತಂತಿಯಷ್ಟು ತೆಳ್ಳಗಾಗಿತ್ತು. "ಏನ್ರೆವಾ, ನೀವು ಒಂದ ಕಾಲಿಲೆ ನಡೀತೀರೇನು?" ಎಂದು ಊರ ಅಕ್ಕಸಾಲಿ ಪತ್ತಾರ ನಕ್ಕಿದ್ದನಂತೆ. ನಡೆಯುತ್ತಿದ್ದುದು ಎರಡೂ ಕಾಲಿನಿಂದಲೇ, ಅದೂ ನಮ್ಮ ಯಾರ ಕೈಗೂ ಸಿಗದಷ್ಟು ಜೋರಾಗಿ. ಆದರೆ ಕೂತರೆ ಸಾಕು, ಬಲಗಾಲು ಕಲ್ಲಿನ ನೆಲಕ್ಕೆ ತಾಳ ಬಡಿಯಲು ಶುರು ಮಾಡುತ್ತಿತ್ತು. ಊಟಕ್ಕೆ ಕೂತಾಗ, ಸೊಪ್ಪು ಸೋಸುವಾಗ, ಬೀಗರು ಬಂದು ಗಂಭೀರವಾಗಿ ಲಗ್ನದ ಮಾತು ತೆಗೆದಾಗ ಕೂಡ ಅದು ನಿಲ್ಲುತ್ತಿರಲಿಲ್ಲ.

ನಾನು ಅಬ್ಬಿಗೇರಿಯಿಂದ ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದಾಗ ನಮ್ಮ ಕಡೆ ಇನ್ನೂ ಮುಂಬಯಿ ಸರಕಾರ ಇತ್ತು. ಬೀದಿಗೆ ಮುಖ ಮಾಡಿ ಮಾವನವರ ಅರಿವೆ ಅಂಗಡಿ, ಅದರ ಬೆನ್ನಿಗೆ ಮನೆ. ಓಣಿಯ ತುಂಬ ನೇಕಾರರು; ಬೆಳಗಾದರೆ ಮಗ್ಗದ ಸದ್ದು. ಆ ಸದ್ದಿನ ನಡುವೆ ಅತ್ತೆಯ ಹಾಡುವ ಪೆಟ್ಟಿಗೆ. ಗ್ರಾಮೋಫೋನ್ ಎಂದು ಯಾರೂ ಅನ್ನುತ್ತಿರಲಿಲ್ಲ. ಮಾವ ಒಂದು ವರ್ಷ ದೀಪಾವಳಿಯ ವ್ಯಾಪಾರ ಚೆನ್ನಾಗಿ ನಡೆಯಿತೆಂದು ಹುಬ್ಬಳ್ಳಿಯಿಂದ ತಂದಿದ್ದರು. ತಂದದ್ದು ಅಂಗಡಿಗೆ ಗಿರಾಕಿ ಬರಲಿ ಎಂದು. ವಾರದೊಳಗೆ ಅದು ಅಡುಗೆಮನೆ ಸೇರಿತು. ಹೇಗೆ ಸೇರಿತೆಂದು ಮಾವನನ್ನು ಕೇಳಿದರೆ, "ಅದಕ್ಕ ಕಾಲು ಬಂದುವು" ಎನ್ನುತ್ತಿದ್ದರು.

ಸಿನಿಮಾ ಹಾಡು, ನಾಟಕದ ಹಾಡು ಅತ್ತೆಗೆ ಬೇಡ. "ಸಾರಿಗೆ ಸಕ್ರಿ ಹಾಕಿದಂಗ" ಎಂದು ಪ್ಲೇಟು ಅರ್ಧಕ್ಕೇ ಎತ್ತಿಬಿಡುತ್ತಿದ್ದರು. ಅವರಿಗೆ ಬೇಕಾದದ್ದು ಹಳ್ಳಿಯ ಹಾಡು. ಹಂತಿ ಪದ, ಸೋಬಾನೆ, ತತ್ವಪದ, ಸಣ್ಣಾಟದ ಹಾಡು, ಗೀಗೀ ಪದ. ಯಾವನೋ ಪುಣ್ಯಾತ್ಮ ಹಳ್ಳಿಯವರನ್ನು ಕರೆದು ಕೂರಿಸಿ ಹಾಡಿಸಿ, ಪ್ಲೇಟು ಮಾಡಿ ಮಾರುತ್ತಿದ್ದ ಕಾಲ ಅದು. ಮಾವ ಸರಕಿಗೆಂದು ಹುಬ್ಬಳ್ಳಿಗೆ ಹೋದಾಗಲೆಲ್ಲ ಒಂದಾದರೂ ಬರಬೇಕು. ಬರದಿದ್ದರೆ ಅತ್ತೆ ಆ ದಿನ ಮಾತಾಡುತ್ತಿರಲಿಲ್ಲ. ಕಾಲು ಮಾತ್ರ ಇನ್ನೂ ಜೋರಾಗಿ ಬಡಿಯುತ್ತಿತ್ತು.

ಹೊಸ ಪ್ಲೇಟು ಬಂದರೆ ಪರೀಕ್ಷೆ. ಪರೀಕ್ಷೆಯೆಂದರೆ ರೊಟ್ಟಿ. ಅತ್ತೆ ಪೆಟ್ಟಿಗೆಗೆ ಚಾವಿ ಕೊಟ್ಟು ಸೂಜಿ ಇಡಬೇಕು, ನಾನು ಅದರ ತಾಳಕ್ಕೆ ಸರಿಯಾಗಿ ಜೋಳದ ರೊಟ್ಟಿ ಬಡಿಯಬೇಕು. ರೊಟ್ಟಿ ಹರಿದರೆ ಹಾಡು ಕೆಟ್ಟದ್ದು. ರೊಟ್ಟಿ ದುಂಡಗೆ ಬಂದರೂ ದಪ್ಪ ಉಳಿದರೆ ಹಾಡಿನಲ್ಲಿ ಕಸುವಿಲ್ಲ. ಬಡಿಯುತ್ತ ಬಡಿಯುತ್ತ ಕೈ ತಾನೇ ನಿಂತು ನಾನು ಬಾಯಿ ಬಿಟ್ಟುಕೊಂಡು ಕೇಳತೊಡಗಿದರೆ, ಅದೂ ನಾಪಾಸು. "ಕೆಲಸ ಬಿಡಸೂ ಹಾಡು ನಮ್ಮಂಥವರಿಗಲ್ಲ, ಗೌಡರ ಮನೀಗೆ" ಎನ್ನುತ್ತಿದ್ದರು. ಸುಳ್ಳೇಕೆ ಹೇಳಲಿ, ಮದುವೆಯಾದ ಮೊದಲ ವರ್ಷ ನನ್ನ ರಟ್ಟೆ ಬಿದ್ದುಹೋಗಿದ್ದು ಸಂಸಾರದ ಭಾರಕ್ಕಲ್ಲ, ಈ ಪರೀಕ್ಷೆಗೆ. ಮನೆಯಲ್ಲಿ ಬಡಿದ ರೊಟ್ಟಿ ತಿನ್ನಲು ಜನ ಸಾಲದೆ ಓಣಿಗೆಲ್ಲ ಹಂಚುತ್ತಿದ್ದೆವು.

ಇಷ್ಟೆಲ್ಲ ಮಾಡಿ ನನ್ನನ್ನೇ ಕೇಳುವುದು. "ಹ್ಯಾಂಗೈತಿ ಹೇಳು?"

"ಚಲೋ ಐತ್ರಿ ಅತ್ತೀ."

"ನಿನ್ನಿ ಪ್ಲೇಟಿಗಿಂತ ಚಲೋ ಐತೋ?"

"ಹೂಂರಿ."

"ನಿನ್ನಿದ್ದ ಚಲೋ ಇತ್ತಂತೀನಿ ನಾ."

"ಹೂಂರಿ, ನಿನ್ನಿದ್ದ ಚಲೋ ಇತ್ತು."

ಅಷ್ಟಕ್ಕೇ ಅವರ ಸಿಟ್ಟು ನೆತ್ತಿಗೇರಿತು. "ಹೂಂ ಅನ್ನಾಕ ಹಿತ್ತಲದಾಗ ಎಮ್ಮಿ ಐತಿ. ನಿನ್ನ ಯಾಕ ಲಗ್ನ ಮಾಡಿ ತಂದೆವು? ನಿನಗ ಏನ ಅನಸ್ತೈತಿ ಅದನ್ನ ಹೇಳು."

ತವರಿನಲ್ಲಿ ನನಗೆ ಯಾರೂ ಇದನ್ನು ಕಲಿಸಿರಲಿಲ್ಲ. ಅತ್ತೆಯ ಮಾತಿಗೆ ಎದುರಾಡಬೇಡ ಎಂದು ಅವ್ವ ಹತ್ತು ಸಲ ಹೇಳಿ ಕಳಿಸಿದ್ದಳು. ಇಲ್ಲಿ ಬಂದರೆ ಎದುರಾಡಲಿಲ್ಲ ಎಂದು ಬೈಗುಳ! ಕೊನೆಗೊಂದು ದಿನ ರೇಗಿ ಹೇಳಿಬಿಟ್ಟೆ. ಅವರು ಮೆಚ್ಚಿದ ಒಬ್ಬ ಗಾಯಕನ ಬಗ್ಗೆ. "ಇಂವ ಹಾಡಾಕತ್ತಿಲ್ರಿ, ತನಗ ಹಾಡಾಕ ಬರ್ತೈತಿ ಅಂತ ತೋರಸಾಕತ್ತಾನ" ಅಂದೆ. ಅಂದವಳೇ ನಾಲಗೆ ಕಚ್ಚಿಕೊಂಡೆ. ಅತ್ತೆ ಪ್ಲೇಟನ್ನು ಮತ್ತೊಮ್ಮೆ ಹಚ್ಚಿದರು, ಕಣ್ಣು ಮುಚ್ಚಿ ಕೇಳಿದರು, ಎತ್ತಿ ಬದಿಗಿಟ್ಟರು. "ಖರೇ ಹೇಳಿದಿ" ಎಂದರು. ಆ ಮನೆಯಲ್ಲಿ ನಾನು ಉಂಡ ಅನ್ನ ಮೈಗೆ ಹತ್ತಿದ್ದು ಅವತ್ತಿನಿಂದ.

ಅತ್ತೆಯ ಆಟ ಒಂದಿತ್ತು. ಎಲ್ಲ ಪ್ಲೇಟುಗಳಲ್ಲಿ ಅತ್ಯುತ್ತಮವಾದ ಐದನ್ನು ಆರಿಸಿ ಒಂದು ಕೈಯ ಐದು ಬೆರಳಿಗೆ ಕೊಡುವುದು. ಕಿರುಬೆರಳಿಗೆ ಇಬ್ಬರು ಅಕ್ಕತಂಗಿಯರ ಸೋಬಾನೆ. ಉಂಗುರದ ಬೆರಳಿಗೆ ಏಕತಾರಿ ಹಿಡಿದ ಒಬ್ಬ ಮುದುಕನ ತತ್ವಪದ. ಅದರ ನಡುವೆ ಅವನು ಕೆಮ್ಮುತ್ತಾನೆ, ಆ ಕೆಮ್ಮಿಗಾಗಿಯೇ ಅತ್ತೆಗೆ ಅದು ಇಷ್ಟ. ನಡುಬೆರಳಿಗೆ ಕಣದಲ್ಲಿ ರಾಶಿ ಮಾಡುವಾಗ ಹೇಳುವ ಹಂತಿ ಪದ. ತೋರುಬೆರಳಿಗೆ ಸಣ್ಣಾಟದಲ್ಲಿ ಗಂಡ ಹೆಂಡತಿ ಜಗಳವಾಡುವ ಹಾಡು. ಹೆಬ್ಬೆರಳು ಎಲ್ಲಕ್ಕಿಂತ ಶ್ರೇಷ್ಠವಾದುದಕ್ಕೆ. ಮುಂಜಾನೆ ಹೀಗೆ ಕೊಟ್ಟದ್ದು ಸಂಜೆಗೆ ಅದಲುಬದಲು. ನೀರು ಸೇದುತ್ತಿದ್ದವರು ಹಗ್ಗ ಬಿಟ್ಟು ಒಳಗೆ ಓಡಿಬಂದು, "ಆ ಮುದುಕನ್ನ ನಡುಬೆರಳಿಗೆ ಹಾಕೂಣೇನು?" ಎಂದು ಕೇಳಿದವರು ಅವರು. ಕೊಡ ಬಾವಿಯ ಪಾಲು.

ಹೆಬ್ಬೆರಳು ಮಾತ್ರ ಖಾಲಿ. ಅದಕ್ಕೆ ಯೋಗ್ಯವಾದ ಪ್ಲೇಟು ಮನೆಯಲ್ಲೇ ಇತ್ತು, ಆದರೆ ಅದನ್ನು ಕೊಡುವ ಹಾಗಿರಲಿಲ್ಲ. ಅದರ ಕತೆ ಹೇಳಲೇಬೇಕು.

ಗೀಗೀ ಪದದವರಲ್ಲಿ ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುವವರು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುವವರು. ಒಬ್ಬರು ಪದದಲ್ಲೇ ಸವಾಲು ಹಾಕಬೇಕು, ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಜವಾಬು ಸಿಗದೆ ಮೇಳ ಏಳುವಂತಿಲ್ಲ, ಎದ್ದರೆ ಸೋತಂತೆ. ಈ ಪ್ಲೇಟಿನ ಒಂದು ಮಗ್ಗುಲಿಗೆ ಹರದೇಶಿಯ ಗಂಡಸು. ಡಪ್ಪು ಬಡಿದು ನೇರವಾಗಿ ಸವಾಲು ಹಾಕುತ್ತಾನೆ.

"ಬಿತ್ತಾಂವ ಇಲ್ಲದ ಭೂಮಿಯೊಳಗ ಬೆಳಿ ಎಲ್ಲಿಂದ ಬಂದೀತ,
ಗಂಡ ಇಲ್ಲದ ಜಗದಾಗ ಹೆಣ್ಣಿಂದ ಏನ ನಡದೀತ."

ಪ್ಲೇಟು ಮಗುಚಿ ಹಾಕಿದರೆ ನಾಗೇಶಿಯ ಹೆಣ್ಣುಮಗಳು. ಅಂಥ ದನಿ ನಾನು ಮತ್ತೆ ಕೇಳಿಲ್ಲ. ಸುಟ್ಟ ಮಡಕೆಯಂಥ ಗಟ್ಟಿ ದನಿ. ರೊಟ್ಟಿ ಕೈಯಲ್ಲಿ ತಾನೇ ತಿರುಗುತ್ತಿತ್ತು. ಆಕೆ ಮೊದಲು ಗುರುವಿಗೆ ಕೈ ಮುಗಿಯುತ್ತಾಳೆ. ಆಮೇಲೆ ಊರ ದೈವಕ್ಕೆ. ಆಮೇಲೆ ಕೂತ ಸಭೆಗೆ, ಸಭೆಯ ಹಿರಿಯರಿಗೆ. ಪದ್ಧತಿ ಬಿಡುವಂತಿಲ್ಲವಲ್ಲ! ಆಮೇಲೆ, "ತಾಳೊ ತಮ್ಮಾ, ನಿನ್ನ ಸವಾಲಿಗೆ ಜವಾಬ ಕೊಡತೀನಿ" ಎಂದು ಗತ್ತಿನಿಂದ ಹೇಳಿ, ಹಿಮ್ಮೇಳದವರು "ಗೀ ಗೀ ಗೀ" ಎಂದು ಎತ್ತಿಕೊಂಡರೋ ಇಲ್ಲವೋ, ಪ್ಲೇಟು ಮುಗಿದುಹೋಗುತ್ತದೆ. ಉಳಿಯುವುದು ಸೂಜಿಯ ಕರಕರ.

ಮಾವ ಪಕ್ಕಾ ಹರದೇಶಿ ಕಡೆಯವರು. ಅಂಗಡಿಯಿಂದ ಆ ಕರಕರ ಕೇಳಿಸಿದರೆ ಸಾಕು, ಅಲ್ಲಿಂದಲೇ ಕೂಗುತ್ತಿದ್ದರು. "ನಾಗೇಶಿ ನಿರುತ್ತರ!"

"ಆಕಿಗೆ ಜಾಗಾ ಸಾಲಲಿಲ್ರಿ" ಎಂದು ಅತ್ತೆ ಇಲ್ಲಿಂದ.

"ಗಂಡಸಿಗೆ ಅಷ್ಟ ಜಾಗಾ ಸಾಕಾತಲ್ಲ?"

"ಗಂಡಸು ದೇವ್ರಿಗೆ ಕೈ ಮುಗೀಲಿಲ್ಲ. ಹೆಣ್ಣಮಗಳು ಮುಗದ್ಲು. ಅದಕ್ಕ ಸಾಲಲಿಲ್ಲ."

ಗಿರಾಕಿಗಳು ಸೀರೆ ನೋಡುವುದು ಬಿಟ್ಟು ಇವರ ಜಗಳ ಕೇಳುತ್ತ ನಿಲ್ಲುತ್ತಿದ್ದರು. ನಗುನಗುತ್ತಲೇ ನಡೆಯುವ ಜಗಳ ಅದು. ಆದರೆ ಅತ್ತೆಯ ಎದೆಗೆ ಅದು ನಿಜವಾಗಿ ಚುಚ್ಚಿತ್ತು. ಜವಾಬು ಇಲ್ಲದ ಪದವನ್ನು ಶ್ರೇಷ್ಠ ಎನ್ನುವುದು ಹೇಗೆ? ಇದಕ್ಕೆ ಎರಡನೆಯ ಪ್ಲೇಟು ಬಂದೇ ಇರುತ್ತದೆ, ಅದರಲ್ಲಿ ಜವಾಬು ಇರುತ್ತದೆ ಎಂದು ಅವರ ನಂಬಿಕೆ. ಮಾವ ಹುಬ್ಬಳ್ಳಿಯಲ್ಲಿ ವಿಚಾರಿಸಿ ಸಾಕಾಗಿದ್ದರು.

ಹೀಗಿರುವಾಗ ಪೆಟ್ಟಿಗೆಯ ಸದ್ದು ಕಡಿಮೆಯಾಗತೊಡಗಿತು. ಅಂದರೆ, ಕಡಿಮೆಯಾಗಿದೆ ಎಂದು ಅತ್ತೆ ಹೇಳತೊಡಗಿದರು. ಅವರಿಗೆ ಮೊದಲು ಜಾಲಿಮುಳ್ಳಿನಿಂದ ಹಾಡಿಸುವುದು ಇಷ್ಟವಿತ್ತು. ಉಕ್ಕಿನ ಸೂಜಿಯ ಬದಲು ಮುಳ್ಳು ಸಿಕ್ಕಿಸಿದರೆ ದನಿ ಮೆತ್ತಗೆ ಬರುತ್ತದೆ. ಈಗ ಮುಳ್ಳು ಬೇಡ, ಸೂಜಿಯೇ ಬೇಕು ಎಂದರು. ಸೂಜಿ ಮೊಂಡಾಗಿದೆ ಎಂದರು. ಹೊಸ ಸೂಜಿ ಬಂತು. ಒಳಗಿನ ಸ್ಪ್ರಿಂಗು ಸಡಿಲಾಗಿದೆ ಎಂದರು. ಪೆಟ್ಟಿಗೆ ಬಸ್ಸಿನ ಟಾಪಿನ ಮೇಲೆ ಕೂತು ಹುಬ್ಬಳ್ಳಿಗೆ ಹೋಗಿಬಂತು. ಆಮೇಲೂ ಅದೇ ಮಾತು. "ದನಿ ಸತ್ತೈತಿ ಇದರದ್ದು" ಎಂದು ಪೆಟ್ಟಿಗೆಯ ತಲೆಗೊಂದು ಮೊಟಕುತ್ತಿದ್ದರು. ಒಂದು ದಿನ ಹಿತ್ತಿಲಿನಲ್ಲಿ ಎಮ್ಮೆ ಕರು ಹಾಕಿ ಹೊಯ್ಲು ಹೊಯ್ಯುತ್ತಿದ್ದರೂ, ಬಾಗಿಲಲ್ಲೇ ಕೂತಿದ್ದ ಅತ್ತೆ ತಿರುಗಿ ನೋಡಲಿಲ್ಲ. ಕೆಟ್ಟದ್ದು ಪೆಟ್ಟಿಗೆ ಅಲ್ಲ ಎಂದು ನನಗೆ ಅವತ್ತು ತಿಳಿಯಿತು.

ಮಾವ ಅವರನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದುಕೊಂಡು ಹೋದರು. ಮರಳಿ ಬಂದಾಗ ಮಾವನ ಮುಖದಲ್ಲಿ ರಕ್ತವಿರಲಿಲ್ಲ. "ಕಿವ್ಯಾಗ ಹೊಲಸು ಕುಂತೈತಂತ, ಎಣ್ಣಿ ಬಿಟ್ರ ಹೋಗ್ತೈತಂತ" ಎಂದು ಎಲ್ಲರಿಗೂ ಹೇಳಿದರು. ಅತ್ತೆ ಅವರ ಎದುರು ಬಂದು ನಿಂತರು.

"ನಿಮ್ಮ ಮಾರಿ ನನಗ ಗೊತ್ತೈತಿ. ಏನಂದಾರ ಹೇಳ್ರಿ. ಇನ್ನೂ ಕೇಳಸ್ತಿದ್ದಾಗ ಹೇಳಿಬಿಡ್ರಿ."

ಮಾವ ಹೇಳಿದರು. ನರ ಸೋತಿವೆ, ಔಷಧ ಇಲ್ಲ, ನಿಧಾನವಾಗಿ ಪೂರ್ತಿ ಹೋಗುತ್ತದೆ. ಅತ್ತೆ ಅಳಲಿಲ್ಲ. ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆದರು, ಈ ತುದಿಯಿಂದ ಆ ತುದಿಗೆ ನಡೆದರು. ಆಮೇಲೆ ನನ್ನ ಹತ್ತಿರ ಬಂದು ಬಲಗೈ ಬಿಚ್ಚಿ ತೋರಿಸಿದರು.

"ನೋಡು, ಇದು ಇನ್ನ ಆಟ ಅಲ್ಲ. ಐದು ಪಕ್ಕಾ ಆರಿಸಬೇಕು. ಆರಿಸಿ ತಲಿಯೊಳಗ ಇಟಗೊಳ್ತೀನಿ. ಕಿವಿ ಮುಚ್ಚಿದ ಮ್ಯಾಲೆ ನನಗ ಇರೂವು ಅವ. ತಪ್ಪಿ ಕೆಟ್ಟದ್ದು ಒಂದು ಒಳಗ ಹೋತಂದ್ರ, ಸಾಯೂತನಕ ಅದನ್ನ ಕೇಳಬೇಕಾಗ್ತೈತಿ. ನೀ ನನಗ ಹೂಂ ಅನಬ್ಯಾಡ. ತಿಳೀತೇನು?"

ತಿಳಿಯದೆ ಏನು? ಆ ದಿನದಿಂದ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಅತ್ತೆ ಕಿವಿಯನ್ನು ಪೆಟ್ಟಿಗೆಯ ಬಾಯಿಗೆ ಒತ್ತಿಕೊಂಡು ಕೂರುತ್ತಿದ್ದರು. ಒಂದೇ ಪ್ಲೇಟನ್ನು ಹಚ್ಚಿ, ಎತ್ತಿ, ಮತ್ತೆ ಹಚ್ಚಿ, ಒಂದೊಂದು ನುಡಿಯನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಅನ್ನ ಆರುತ್ತಿತ್ತು, ಎಮ್ಮೆ ಹಾಲು ಕರೆಯಲಿಕ್ಕೆ ಕೂಗುತ್ತಿತ್ತು. ನಾಲ್ಕು ಬೆರಳು ಹೇಗೋ ತುಂಬಿದವು. ನಾವಿಬ್ಬರೂ ಜಗಳವಾಡಿ, ಒಮ್ಮೆ ನಾನು ಊಟ ಬಿಟ್ಟು ಒಮ್ಮೆ ಅವರು ಊಟ ಬಿಟ್ಟು ತುಂಬಿದೆವು. ಹೆಬ್ಬೆರಳಿಗೆ ಎರಡನೆಯ ಪ್ಲೇಟು ಬೇಕೇ ಬೇಕು. ಅದು ಎಲ್ಲಿದ್ದರೂ ಕಿವಿ ಮುಚ್ಚುವ ಮೊದಲು ಸಿಗಬೇಕು.

ಶುರುವಾಯಿತು ನಮ್ಮ ತಿರುಗಾಟ. ಸೂಡಿಯಲ್ಲಿ ಒಬ್ಬರ ಮನೆಯಲ್ಲಿ ಪೆಟ್ಟಿಗೆ ಇದೆ ಎಂದು ಬಳೆಗಾರ ಹೇಳಿದ. ಹೋದರೆ ಬರೀ ನಾಟಕದ ಹಾಡು. ಭೀಮವ್ವನ ದರ್ಶನದ ನೆವ ಮಾಡಿ ಇಟಗಿಗೆ ಹೋದೆವು. ಗುಡಿಯಲ್ಲಿ ಅತ್ತೆ ಕಾಯಿ ಒಡೆಸಿ, ಗಂಧ ಹಚ್ಚಿಕೊಂಡು, ಪೂಜಾರಿಗೆ ಕೇಳಿದ ಮೊದಲ ಮಾತು, "ಈ ಊರಾಗ ಹಾಡೂ ಪೆಟ್ಟಿಗಿ ಯಾರ ಮನ್ಯಾಗ ಐತ್ರಿ?" ಪಾಪ, ಆ ಪೂಜಾರಿ ಅಂಥ ಹರಕೆಯ ಹೆಣ್ಣುಮಗಳನ್ನು ಕಂಡಿರಲಿಕ್ಕಿಲ್ಲ.

ರೋಣದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚಹಾದ ಹೋಟೆಲಿನಲ್ಲಿ ಗೀಗೀ ಪದ ಹಚ್ಚುತ್ತಾರೆಂದು ತಿಳಿಯಿತು. ಆಗ ನಮ್ಮಂಥ ಮನೆಯ ಹೆಣ್ಣುಮಕ್ಕಳು ಹೋಟೆಲಿನ ಮೆಟ್ಟಿಲು ತುಳಿಯುತ್ತಿರಲಿಲ್ಲ. ಅತ್ತೆ ಸೆರಗು ಬಿಗಿದುಕೊಂಡು ನೇರ ಒಳಗೆ ಹೋಗಿ ಬೆಂಚಿನ ಮೇಲೆ ಕೂತರು. ಬೀಡಿ ಸೇದುತ್ತಿದ್ದ ಗಂಡಸರು ಒಬ್ಬೊಬ್ಬರೇ ಎದ್ದು ಹೊರಗೆ ಹೋದರು. ನನಗೋ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೋಟೆಲಿನವನು ಕೈ ಒರೆಸಿಕೊಳ್ಳುತ್ತ ಓಡಿಬಂದ. "ಯವ್ವಾ, ಏನ ಬೇಕಾಗಿತ್ರಿ?"

"ನಾಗೇಶಿ ಜವಾಬಿಂದು ಎರಡನೇ ಪ್ಲೇಟ್ ಐತೇನ್ರಿ ನಿಮ್ಮಲ್ಲೆ?"

"ಇಲ್ರೆವಾ. ಒಂದ ಐತಿ, ಅದೂ ಅರ್ಧಕ್ಕ ನಿಂದರ್ತೈತಿ. ನರಗುಂದದಾಗ ಹತ್ತಿ ವ್ಯಾಪಾರಸ್ತರ ಮನ್ಯಾಗ ಎರಡೂ ಅದಾವ ಅಂತ ಕೇಳೀನ್ರಿ."

ನರಗುಂದದಲ್ಲಿ ಎರಡೂ ಇವೆ! ಅವತ್ತು ಮನೆಗೆ ಬರುವವರೆಗೂ ಅತ್ತೆಯ ಕಾಲು ಬಸ್ಸಿನ ತಗಡನ್ನು ಬಡಿಯುತ್ತಲೇ ಇತ್ತು. ಆದರೆ ಲಗೂನೆ ಹೋಗಲಾಗಲಿಲ್ಲ. ಮನೆಯಲ್ಲಿ ಒಂದು ಬಾಣಂತನ, ನನ್ನದೇ. ಮಗುವಿಗೆ ಮೂರು ತಿಂಗಳು ತುಂಬುವಷ್ಟರಲ್ಲಿ ಅತ್ತೆಗೆ ಮಗುವಿನ ಅಳು ಕೇಳಿಸುವುದು ನಿಂತಿತ್ತು. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯಲ್ಲಿ ಏನೋ ಸ್ವಲ್ಪ. ಮಗುವನ್ನು ಎತ್ತಿಕೊಂಡೇ ನಾನೂ ಹೊರಟೆ.

ನರಗುಂದದ ಆ ವ್ಯಾಪಾರಸ್ಥರ ಮನೆಯಾಕೆ ಬಹಳ ಒಳ್ಳೆಯ ಹೆಣ್ಣುಮಗಳು. ಕಾಲಿಗೆ ನೀರು ಕೊಟ್ಟು, ಅವಲಕ್ಕಿ ಹಚ್ಚಿಕೊಟ್ಟು, ಆಮೇಲೆ ಹೆಮ್ಮೆಯಿಂದ ಎರಡು ಪ್ಲೇಟು ತಂದು ಮುಂದಿಟ್ಟರು. "ಹೌದ್ರಿ, ಎರಡೂ ಅದಾವ. ಒಂದು ನಮ್ಮವರು ಕೊಂಡಿದ್ದು. ಇನ್ನೊಂದು ಮಗನ ಲಗ್ನದಾಗ ಬೀಗರು ಕೊಟ್ಟಿದ್ದು."

ನಾನು ಎರಡನ್ನೂ ತಿರುವಿ ನೋಡಿದೆ. ಎರಡೂ ಒಂದೇ. ಅದೇ ಕೆಂಪು ಕಾಗದ, ಅದೇ ಗಂಡಸು, ಅದೇ ಹೆಣ್ಣುಮಗಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆಗೆ ಹೇಗೆ ಹೇಳುವುದೆಂದು ನಾನು ತಡಬಡಿಸುತ್ತಿದ್ದಂತೆ ಮನೆಯಾಕೆ ಒಂದನ್ನು ಪೆಟ್ಟಿಗೆಗೆ ಹಾಕಿ, ಚಾವಿ ಕೊಟ್ಟು, ಸೂಜಿ ಇಟ್ಟರು. ಗಂಡಸಿನ ದನಿ ಪಡಸಾಲೆ ತುಂಬಿತು. ನನ್ನ ಮಗು ಬೆಚ್ಚಿ ಎದ್ದಿತು. ಅತ್ತೆ ಪೆಟ್ಟಿಗೆಯ ಪಕ್ಕದಲ್ಲೇ ಬಾಗಿ ಕೂತಿದ್ದರು.

"ಹಚ್ರಿ ಇನ್ನ, ಯಾಕ ತಡಾ?" ಎಂದರು.

ಮನೆಯಾಕೆ ನನ್ನ ಮುಖ ನೋಡಿದರು. ನಾನು ಅತ್ತೆಗೆ ಬೆರಳು ಮಾಡಿ ಪ್ಲೇಟು ತೋರಿಸಿದೆ. ಅದು ತಿರುಗುತ್ತಿತ್ತು. ಅತ್ತೆ ಅದನ್ನು ನೋಡಿದರು. ಅದು ತಿರುಗಿ ತಿರುಗಿ ನಿಲ್ಲುವವರೆಗೂ ಕಣ್ಣು ಕೀಳಲಿಲ್ಲ. ಆಮೇಲೆ ಸೆರಗು ತಲೆಗೆ ಸರಿಯಾಗಿ ಹೊದ್ದುಕೊಂಡು, ಮನೆಯಾಕೆಗೆ ಕೈ ಮುಗಿದು, "ಭಾಳ ಚಲೋ ಐತ್ರಿ ನಿಮ್ಮ ಪೆಟ್ಟಿಗಿ" ಎಂದರು. ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ ಮಾತು. "ಎರಡನೇದ್ದು ಇತ್ತೇನು?" ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ದಾರಿಯುದ್ದಕ್ಕೂ ನಾನು ಮಗುವಿನ ಕುಲಾವಿಗೆ ಮುಖ ಒತ್ತಿಕೊಂಡು ಅಳುತ್ತಿದ್ದೆ. ಅವರು ನನ್ನನ್ನು ಹೆತ್ತವರಲ್ಲ. ಆದರೆ ನನ್ನ ಅವ್ವನಿಗಾಗಿ ಕೂಡ ನಾನು ಅಷ್ಟು ಅತ್ತಿಲ್ಲ.

ಆಮೇಲಿನ ಕೆಲವು ತಿಂಗಳು ನೆನೆಸಿಕೊಂಡರೆ ಈಗಲೂ ಸಂಕಟ. ಪೆಟ್ಟಿಗೆಯ ಮೇಲೆ ಧೂಳು. ಅತ್ತೆ ಒಂದು ಕಡೆ ಕೂರಲಾರರು, ನಿಲ್ಲಲಾರರು. ಪಾತ್ರೆ ತೊಳೆದದ್ದನ್ನೇ ತೊಳೆಯುವುದು, ಮಾಳಿಗೆ ಹತ್ತುವುದು, ಇಳಿಯುವುದು. ಗುಡ್ಡದ ಕಡೆ ಮುಖ ಮಾಡಿ ನಿಂತರೆ ನಿಂತೇ ಬಿಡುವುದು. ಮಾವ ನಾಗೇಶಿಯ ಮಾತು ಎತ್ತುವುದನ್ನೇ ಬಿಟ್ಟಿದ್ದರು.

ಒಂದು ದಿನ ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಮಾಳಿಗೆಯಿಂದ ಹಾಡು ಕೇಳಿತು. ಅತ್ತೆಯದೇ ದನಿ. ಕಿರುಬೆರಳಿನ ಸೋಬಾನೆ. ಕಿವಿ ಇಲ್ಲದವರಿಗೆ ತಮ್ಮ ದನಿ ಎಷ್ಟು ಎಂದು ಗೊತ್ತಾಗುವುದಿಲ್ಲ. ಓಣಿಯ ಮಗ್ಗಗಳೆಲ್ಲ ನಿಂತವು. ಆಮೇಲೆ ಮುದುಕನ ತತ್ವಪದ, ಅದೂ ಕೆಮ್ಮು ಸಮೇತ. ಹಂತಿ ಪದ. ಗಂಡ ಹೆಂಡಿರ ಜಗಳ. ಒಂದರ ಹಿಂದೊಂದು, ಪ್ಲೇಟು ಮಗುಚುವಷ್ಟು ಹೊತ್ತು ನಡುವೆ ಬಿಟ್ಟು. ಅಂಗಡಿಯಲ್ಲಿ ಮಾವ ಗಿರಾಕಿಗಳ ಮುಂದೆ ಸಂಕೋಚಪಟ್ಟರೋ ಏನೋ, ಆದರೆ ಒಳಗೆ ಬಂದು "ಸುಮ್ಮನಿರಿಸು" ಎಂದು ಒಂದು ದಿನವೂ ಹೇಳಲಿಲ್ಲ. ಮಾಳಿಗೆಯ ಹಾಡು ದಿನಾ ನಡೆಯಿತು. ಓಣಿಯ ಹೆಣ್ಣುಮಕ್ಕಳಿಗೆ ಅದು ಬಾಯಿಪಾಠವೇ ಆಗಿಹೋಯಿತು.

ಕೊನೆಗೆ ಆ ಗೀಗೀ ಪದವೂ ಬಂತು. ಹರದೇಶಿಯ ಸವಾಲು ಹಾಡಿದರು. ನಾಗೇಶಿಯ ಗುರುವಂದನೆ, ದೈವ, ಸಭೆ, ತಾಳೊ ತಮ್ಮಾ. ಇನ್ನು ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ.

"ಬಿತ್ತೂ ಕೈಗೆ ಬಲ ಬಂದೀತ ಯಾರ ಹಾಲಿಂದ,
ಹತ್ತೂರ ತಿರುಗಿ ಕೇಳೊ ನೀ ಹುಟ್ಟೀದಿ ಯಾರಿಂದ."

ನಾನು ಹಿಟ್ಟಿನ ಕೈಯಲ್ಲೇ ಮಾಳಿಗೆ ಹತ್ತಿದೆ. ಅವರ ಎದುರು ನಿಂತು, ಪ್ಲೇಟಿನಂತೆ ಕೈ ದುಂಡಗೆ ಮಾಡಿ, ಅದರಲ್ಲಿ ಇದು ಇಲ್ಲವಲ್ಲ ಎಂದು ಸನ್ನೆ ಮಾಡಿದೆ. ಅತ್ತೆ ನಕ್ಕರು. ಎಷ್ಟೋ ತಿಂಗಳ ಮೇಲೆ ನಕ್ಕರು.

"ಇಲ್ಲ, ಗೊತ್ತೈತಿ. ಆಕಿಗೆ ಹೊತ್ತು ಸಾಲಲಿಲ್ಲ. ನನಗೇನ ಅವಸರ ಐತಿ?"

ದಿನಕ್ಕೊಂದು ನುಡಿ ಕೂಡಿತು. ಇವತ್ತು ಕೂಡಿದ್ದನ್ನು ನಾಳೆ ತೆಗೆಯುವುದು, ನಾಡಿದ್ದು ಮತ್ತೆ ಹಾಕುವುದು. ನನ್ನನ್ನು ಕರೆದು ಎರಡು ಬಗೆಯಲ್ಲಿ ಹಾಡಿ ತೋರಿಸಿ ಯಾವುದು ಸರಿ ಎಂದು ಕೇಳುವುದು. ನನ್ನ ಉತ್ತರ ಕೇಳಿಸದಿದ್ದರೇನು, ಮುಖ ನೋಡಿದರೆ ಅವರಿಗೆ ತಿಳಿಯುತ್ತಿತ್ತು. "ಹೂಂ ಅನ್ನೂ ಮಾರಿ ಮಾಡಬ್ಯಾಡ" ಎಂದು ಅದಕ್ಕೂ ಬೈಗುಳ. ಮಾವನೂ ಒಂದು ದಿನ ಅಂಗಡಿಯಿಂದ ಬಂದವರು ಅವರ ಮುಂದೆ ಕೂತು, ತುಟಿ ಕಾಣುವಂತೆ ನಿಧಾನವಾಗಿ, ಹರದೇಶಿಯ ಹೊಸ ಸವಾಲೊಂದನ್ನು ಹೇಳಿದರು. ಸಂಜೆಗೆ ಜವಾಬು ಸಿದ್ಧ. ಮರುದಿನ ಮತ್ತೊಂದು ಸವಾಲು. ಮಾವ ವ್ಯಾಪಾರ ಬಿಟ್ಟು ಗಲ್ಲಾದ ಮೇಲೆ ಕೂತು ಸವಾಲು ಹೊಸೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಸೋತೆ ಎಂದು ಮಾತ್ರ ಒಮ್ಮೆಯೂ ಒಪ್ಪಲಿಲ್ಲ. ಅತ್ತೆ ಹೇಳ್ರಿ ಹೇಳ್ರಿ ಎಂದು ಪೀಡಿಸಿದರೆ ನಗುತ್ತ ಎದ್ದು ಹೋಗುತ್ತಿದ್ದರು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಜ್ವರ ಎಂದು ಮಲಗಿದ ಅತ್ತೆ ಮತ್ತೆ ಏಳಲಿಲ್ಲ. ಕೊನೆಯ ದಿನ ನನ್ನ ಕೈ ಹಿಡಿದು ಬೆರಳು ಎಣಿಸಿದರು. "ಆ ಹಂತಿ ಪದ ಕಿರುಬೆರಳಿಗೆ ಹಾಕಿದ್ರ ಹ್ಯಾಂಗ?" ಎಂದರು. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. "ಹೌದಲ್ಲ" ಎಂದು ಒಪ್ಪಿಕೊಂಡರು.

ಅತ್ತೆ ತೀರಿಕೊಂಡ ಮೇಲೆ ನಮ್ಮನ್ನು ಮಾತಾಡಿಸಿ ಸಂತೈಸಲು ಬಂದ ಓಣಿಯ ಹೆಣ್ಣುಮಕ್ಕಳು ಪಡಸಾಲೆಯಲ್ಲಿ ತುಂಬಿದ್ದರು. ಅತ್ತು ಅತ್ತು ಎಲ್ಲರಿಗೂ ಸಾಕಾಗಿತ್ತು. ಕಂಬಕ್ಕೆ ಒರಗಿ ಕೂತಿದ್ದ ಮಾವ, "ಆಕಿ ಪ್ಲೇಟ್ ಹಚ್ಚವಾ" ಎಂದರು. ಸೂತಕದ ಮನೆಯಲ್ಲಿ ಹಾಡೇ ಎಂದು ಹಿಂದೆ ಯಾರೋ ಗೊಣಗಿದರು. ಮಾವ ಮತ್ತೊಮ್ಮೆ ಹೇಳಿದರು. ನಾನು ಪೆಟ್ಟಿಗೆ ಒರೆಸಿ ಚಾವಿ ಕೊಟ್ಟೆ. ಹೆಣ್ಣುಮಗಳ ಮಗ್ಗುಲನ್ನು ಮೇಲೆ ಮಾಡಿ ಹಚ್ಚಿದೆ. ಆ ಸುಟ್ಟ ಮಡಕೆಯಂಥ ದನಿ ಎದ್ದಿತು. ಗುರು, ದೈವ, ಸಭೆ. ತಾಳೊ ತಮ್ಮಾ. ಗೀ ಗೀ ಗೀ. ಕರಕರ.

ಎಲ್ಲರೂ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಕೊನೆಗೆ ಎದುರುಮನೆಯ ನೇಕಾರಗಿತ್ತಿ ಕೇಳಿದಳು. "ಯಾಕವಾ, ಚಾವಿ ಕಡಿಮಿ ಬಿತ್ತೇನು? ಪದ ಇನ್ನೂ ಐತೆಲ್ಲ?"

"ಹೌದಲ್ಲ, ಬಿತ್ತೂ ಕೈಗೆ ಅಂತ ಬರಬೇಕಲ್ಲ?" ಎಂದಳು ಇನ್ನೊಬ್ಬಳು. "ದಿನಾ ಕೇಳತಿದ್ದಿವೆಲ್ಲ, ಇಷ್ಟ ಅಲ್ಲ ಅದು."

ಅವರೆಲ್ಲ ಅದು ಪ್ಲೇಟಿನಲ್ಲಿ ಇದೆಯೆಂದೇ ತಿಳಿದಿದ್ದರು. ನಾನು ಮಾವನನ್ನು ನೋಡಿದೆ.

"ಚಾವಿ ಐತ್ರೆವಾ" ಎಂದರು ಮಾವ. "ಪ್ಲೇಟ್ ಇರೂದ ಅಷ್ಟ. ಮುಂದಿಂದು ನಮ್ಮ ಮನ್ಯಾಕಿದು." ಆಮೇಲೆ ನನ್ನ ಕಡೆ ತಿರುಗಿದರು. "ಹಾಡವಾ."

ಆ ಮನೆಗೆ ಬಂದಾಗಿನಿಂದ ಅವರ ಎದುರು ನಾನು ಗಟ್ಟಿಯಾಗಿ ಮಾತಾಡಿದವಳೂ ಅಲ್ಲ. ಎತ್ತಿಕೊಂಡೆ. ಎರಡು ನುಡಿಗೆ ನನ್ನ ದನಿ ಒಡೆದುಹೋಯಿತು. ಓಣಿಯ ಹೆಣ್ಣುಮಕ್ಕಳು ಅದನ್ನು ಅಲ್ಲಿಂದಲೇ ಹಿಡಿದು, ಅಳುತ್ತಲೇ, ಜವಾಬು ಪೂರ್ತಿ ಮುಗಿಯುವ ತನಕ ಹಾಡಿದರು. ಮುಗಿದ ಮೇಲೆ ಮಾವ ಆ ಸಭೆಗೆಲ್ಲ ಕೈ ಮುಗಿದು, "ಹರದೇಶಿ ಸೋತಿತು" ಎಂದರು. ಅಂಗಡಿಯವರೆಗೂ ಕೇಳುವಷ್ಟು ಜೋರಾಗಿ ಅಂದರು.

ನಾನು ಸೂಜಿ ಎತ್ತಿ, ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿಟ್ಟೆ. ಅದನ್ನು ಮತ್ತೆ ನಮ್ಮ ಮನೆಯಲ್ಲಿ ಯಾರೂ ಹಚ್ಚಲಿಲ್ಲ. ಅರ್ಧ ಪದ ಕೇಳಿ ಏನು ಮಾಡುವುದು?